ಕಿರುಬೆರಳಿನ ಮೇಲೆ ಉಜ್ಜಿದ ಹೆಸರು

4, ಸೋಮವಾರ. ಸಂಜೆ 5.40

ಇಪ್ಪತ್ತೆಂಟು ನೋಟ್‌ಬುಕ್ ನೋಡಿ ಮುಗಿಸಿದೆ. ಕತ್ತು ಮರಗಟ್ಟಿದೆ. ನಾಳೆ ಹೆಲ್ತ್ ಪೀರಿಯಡ್‌ಗೆ ‘ನಂಬಿಕೆಯ ಕೈ’. ಮಕ್ಕಳು ಹಾಳೆಯ ಮೇಲೆ ಅಂಗೈ ಊರಿ ಸುತ್ತ ಗೆರೆ ಎಳೆಯಬೇಕು. ಕಷ್ಟ ಬಂದರೆ ಯಾರಿಗೆ ಹೇಳುತ್ತೀರಿ ಎಂದು ಬೆರಳಿಗೊಬ್ಬರಂತೆ ಐವರು ದೊಡ್ಡವರನ್ನು ಬರೆಯಬೇಕು. ಟೀಚರುಗಳಿಗೆಲ್ಲ ನಿಯಮ ಹಂಚಿದ್ದೂ ನಾನೇ: ಇವರನ್ನು ಯಾಕೆ ಬರೆದೆ, ಅವರನ್ನು ಯಾಕೆ ಬಿಟ್ಟೆ ಎಂದು ಯಾರೂ ಮಗುವನ್ನು ಕೇಳಕೂಡದು.

ಮಗಳ ನೀರಿನ ಬಾಟಲ್ ಇವತ್ತೂ ತುಂಬಿದಂತೆಯೇ ವಾಪಸ್. ಬೈದೆ. ಹೆಲ್ತ್ ಟೀಚರ್ ಮಗಳೇ ನೀರು ಕುಡಿಯದಿದ್ದರೆ ಹೇಗೆ? ಆಮೇಲೆ ಬಾಗಿಲಲ್ಲಿ ನಿಂತು ಚಿಲಕ, ಅದು ಇದು ಅಂತ ಏನೋ ಶುರು ಮಾಡಿದಳು. ಒಂದ್ನಿಮಿಷ ಮರಿ ಅಂದೆ. ಹೋದಳು.

5, ಮಂಗಳವಾರ

ನಾಲ್ಕನೇ ‘ಎ’ಯಲ್ಲಿ ಪಾಠ ಚೆನ್ನಾಗಿ ಆಯಿತು. ಮುಂದಿನ ಬೆಂಚಿನ ವಾಚಾಳಿ ಐದೂ ಬೆರಳಿಗೆ ‘ನಮ್ಮ ನಾಯಿ’ ಎಂದೇ ಬರೆದಿದ್ದಳು. ದೊಡ್ಡವರನ್ನು ಬರಿ ಅಂದರೆ, "ಅದಕ್ಕೆ ಹನ್ನೊಂದು ವರ್ಷ ಮಿಸ್, ನಂಗಿಂತ ದೊಡ್ಡದು" ಎಂದಳು. ನಗು ತಡೆಯಲಾಗಲಿಲ್ಲ.

ಮಗಳು ‘ಬಿ’ ಸೆಕ್ಷನ್. ಅಲ್ಲಿ ನಾಳೆ ಡ್ರಾಯಿಂಗ್ ಮೇಡಂ ಮಾಡಿಸುತ್ತಾರೆ.

7, ಗುರುವಾರ. ಮಧ್ಯಾಹ್ನ, ಸ್ಟಾಫ್‌ರೂಮ್

‘ಬಿ’ ಸೆಕ್ಷನ್ ಹಾಳೆಗಳ ಕಟ್ಟು ಬಂತು. ನೋಡಬಾರದಿತ್ತು. ನೋಡದೆ ಇರುವಂತೆಯೂ ಇಲ್ಲ, ಫೈಲ್ ಮಾಡುವವಳು ನಾನೇ.

ಅವಳ ಕೈ. ಹೆಬ್ಬೆರಳು ಅಜ್ಜಿ. ತೋರುಬೆರಳು ಅಪ್ಪ. ಆಮೇಲೆ ಡ್ರಾಯಿಂಗ್ ಮೇಡಂ. ಆಮೇಲೆ ಬಸ್ ಆಂಟಿ. ಕಿರುಬೆರಳು ಖಾಲಿ.

ಖಾಲಿ ಅಲ್ಲ. ಬೆಳಕಿಗೆ ಹಿಡಿದೆ. ‘ಅಮ್ಮ’ ಅಂತ ಬರೆದು ರಬ್ಬರಿನಿಂದ ಉಜ್ಜಿದ್ದಾಳೆ. ಅಷ್ಟು ಜಾಗದಲ್ಲಿ ಹಾಳೆ ತೆಳ್ಳಗಾಗಿದೆ...

ಡ್ರಾಯಿಂಗ್ ಮೇಡಂ ಏನಾಯ್ತು ಅಂದರು. ತಲೆನೋವು ಅಂದೆ.

11, ಸೋಮವಾರ

ಮೂರು ದಿನ ಪೆನ್ನು ಮುಟ್ಟಲಿಲ್ಲ. ಹೆದರಿಕೆ. ಏನು ಬಚ್ಚಿಡುತ್ತಿದ್ದಾಳೆ? ಯಾರಾದರೂ ಏನಾದರೂ...? ಹುಷಾರು ಹುಷಾರು ಅಂತ ಕ್ಲಾಸಿನಲ್ಲಿ ನಾನೇ ಹೇಳುವ ಕೆಟ್ಟದ್ದೆಲ್ಲ ಒಂದೊಂದಾಗಿ ತಲೆಗೆ ಬರುತ್ತಿದೆ. ನೇರವಾಗಿ ಕೇಳುವಂತಿಲ್ಲ, ನಿಯಮ ನನ್ನದೇ. ಸುತ್ತಿ ಬಳಸಿ ವಿಚಾರಿಸಿದರೆ ಚೆನ್ನಾಗಿದೀನಿ ಅನ್ನುತ್ತಾಳೆ. ನೀನು ಪ್ರಶ್ನೆಪತ್ರಿಕೆ ಓದಿದ ಹಾಗೆ ಕೇಳ್ತೀಯ ಅಂದರು ಇವರು.

ಬೆಳಗ್ಗೆ ಅವಳಿಗೆ ಹೊಟ್ಟೆನೋವು, ಉರಿಮೂತ್ರ. ಡಾಕ್ಟರ್ ಹತ್ತಿರ ಓಡಿದೆ. ಇನ್‌ಫೆಕ್ಷನ್. ಸ್ಕೂಲಲ್ಲಿ ತಡ್ಕೊಂಡಿರ್ತೀಯಾ ಎಂದು ಅವಳನ್ನು ಕೇಳಿದರು. ನನ್ನ ಮುಖ ನೋಡಿ, ನೆಲ ನೋಡಿ, ಹೌದೆಂದು ತಲೆಯಾಡಿಸಿದಳು. ಎಷ್ಟು ದಿನದಿಂದ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ. ಏನು ಕೆಲಸ ಮಾಡ್ತೀರಿ ಎಂದರು. ಹೇಳಲು ನಾಚಿಕೆಯಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ.

12, ಮಂಗಳವಾರ

ಎಷ್ಟು ದಿನ ಎಂದು ತಿಳಿಯಲು ಈ ಡೈರಿಯನ್ನೇ ಹಿಂದಕ್ಕೆ ತಿರುವಿದೆ. ಹೋದ ತಿಂಗಳ 19: ಬಾಟಲ್ ತುಂಬಿದೆ, ಬಾಗಿಲಲ್ಲಿ ನಿಂತಳು, ಒಂದ್ನಿಮಿಷ ಅಂದೆ. 22: ಟಾಯ್ಲೆಟ್ ಬಾಗಿಲು ಅಂತ ಏನೋ ಅಂದಳು, ಒಂದ್ನಿಮಿಷ ಅಂದೆ. 26. 28. ಈ ತಿಂಗಳ 4: ಚಿಲಕ.

ಐದು ಸಲ ಹೇಳಲು ಬಂದಿದ್ದಾಳೆ. ಐದನ್ನೂ ಗುಂಡಾದ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಒಂದನ್ನೂ ಕೇಳಿಸಿಕೊಂಡಿಲ್ಲ.

13, ಬುಧವಾರ. ಸಂಜೆ 6.10

ಹುಡುಗಿಯರ ಟಾಯ್ಲೆಟ್‌ಗೆ ಹೋಗಿ ನೋಡಿದೆ. ಎಷ್ಟು ವರ್ಷವಾಯಿತೋ ಆ ಕಡೆ ಕಾಲಿಟ್ಟು. ಟೀಚರುಗಳಿಗೆ ಬೇರೆ ಇದೆ. ಮೂರು ಬಾಗಿಲು. ಒಂದಕ್ಕೂ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಅಲ್ಲಿ ನೆಲ ತೊಳೆಯುತ್ತಿದ್ದ ಆಯಾಳನ್ನು ಕೇಳಿದೆ.

"ನಿಮ್ಮ ಪಾಪು ಈ ಕಡೆ ಬರೋದೇ ಇಲ್ಲ ಮೇಡಂ. ಅವಳ ಫ್ರೆಂಡ್ ಹೋದ ತಿಂಗಳು ಸ್ಕೂಲ್ ಬಿಟ್ಟಳಲ್ಲ. ಬಾಗಿಲು ಹಿಡಿಯೋಕೆ ಯಾರಿದ್ದಾರೆ?"

ಆಯಾಗೆ ಗೊತ್ತು. ನನಗೆ ಗೊತ್ತಿಲ್ಲ.

ಹೆಡ್‌ಮೇಡಂ ಬಡಗಿಗೆ ಹೇಳಿ ಕಳಿಸಿದರು. ನಾಳೆ ಹೊಸ ಚಿಲಕ. ನಾನು ಹೆದರಿದ್ದು ಯಾವುದೂ ಅಲ್ಲ, ಸದ್ಯ. ಆದರೂ ಬಸ್ಸಿನಲ್ಲಿ ಅಳು ಬಂತು. ಕಿರುಬೆರಳು ಬಡಗಿಯಿಂದ ಆಗುವ ಕೆಲಸವಲ್ಲ.

ಅವಳ ಹತ್ತಿರ ಹೇಗೆ ಮಾತು ತೆಗೆಯಲಿ? ತಪ್ಪಾಯಿತು ಅಂತಲೇ ಶುರು ಮಾಡಬೇಕು. ಏನು ಹೇಳಬೇಕೆಂದು ಇಲ್ಲಿ ಬರೆದು ನೋಡಿಕೊಳ್ಳೋಣ ಅಂತ ಕೂತೆ —

ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಬಾಟಲ್. "ಬರೀತಿದ್ದೀಯಾ ಅಮ್ಮ? ಆಮೇಲೆ ಬರ್ಲಾ?" ಅನ್ನುತ್ತಿದ್ದಾಳೆ. ತಲೆ ಎತ್ತುವ ಮೊದಲೇ ನನ್ನ ಬಾಯಿಂದ ಬಂದದ್ದು ಅದೇ, ಒಂದ್ನಿ