ಹೆಪಟೈಟಿಸ್ ಪೇಷೆಂಟಿಗೆ ಮಾಡಿದ ಫೋನು

ಮಾರ್ಚ್ ೧೧, ಮಂಗಳವಾರ

ನಾಳೆ ಲ್ಯಾಬಿಗೆ ಯಾವ ಮುಖ ಹೊತ್ತುಕೊಂಡು ಹೋಗಲಿ?

ನನ್ನ ಹೆಪಟೈಟಿಸ್ ಬಿ ವಿಷಯ ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಮತ್ತೆ ಸೂಜಿ ಮುಟ್ಟಲು ಬಿಡುವುದಿಲ್ಲ. ಅದಕ್ಕೇ ನನ್ನ ರಕ್ತವನ್ನು ಇಲ್ಲದ ಪೇಷೆಂಟೊಬ್ಬಳ ಹೆಸರಲ್ಲಿ ನಾನೇ ಮೆಷಿನ್ನಿಗೆ ಹಾಕುತ್ತ ಬಂದಿದ್ದೇನೆ. ಇಷ್ಟು ವರ್ಷ ವೈರಸ್ಸಿನ ಗುರುತಾದ ಸರ್ಫೇಸ್ ಆಂಟಿಜನ್ ಮಟ್ಟ ಜಗ್ಗಿರಲಿಲ್ಲ. ಇವತ್ತು ಪಾತಾಳಕ್ಕೆ ಇಳಿದಿತ್ತು. ಹೀಗೆ ಇಳಿದರೆ ದೇಹ ವೈರಸ್ಸನ್ನು ಗೆಲ್ಲುವ ಸಾಧ್ಯತೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಕುಣಿದುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ನಮ್ಮ ಹಿರಿಯ ಟೆಕ್ನಿಷಿಯನ್ ಅಕ್ಕ ಬೆನ್ನ ಹಿಂದೆ ಬಂದು ನಿಂತರು.

“ಏ, ಈಯಮ್ಮಂದು ಯಾವಾಗ್ಲೂ ಜಾಸ್ತಿ ಇರುತ್ತಲ್ಲ? ಟ್ಯೂಬ್ ಅದಲುಬದಲು ಮಾಡಿದ್ದೀಯ. ಫೋನ್ ಮಾಡಿ ಕರೆಸು.”

ಅದಲುಬದಲಾಗಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ನಂಬರ್ ಒತ್ತದೆಯೇ ಫೋನನ್ನು ಕಿವಿಗಿಟ್ಟುಕೊಂಡೆ.

“ಇನ್ನೊಂದ್ಸಲ ರಕ್ತ ಕೊಡ್ಬೇಕಾಗುತ್ತೆ ಮೇಡಂ. ಹೆದರ್ಕೋಬೇಡಿ, ಒಳ್ಳೇ ಸುದ್ದೀನೇ ಇರ್ಬಹುದು.”

ಈ ಮಾತನ್ನು ನನಗೆ ಇಷ್ಟು ಮೆತ್ತಗೆ ಯಾರೂ ಹೇಳಿರಲಿಲ್ಲ.

“ಏನಂತೆ?” ಅಕ್ಕ ಕೇಳಿದರು.

“ಬರ್ತಾರಂತೆ ಅಕ್ಕ.”

“ಬರ್ಲಿ. ಈ ಸಲ ನಾನೇ ತೆಗೀತೀನಿ. ನಿನ್ನ ನಂಬಿ ಕೂತ್ರೆ ಆಗಲ್ಲ.”

ಈಗ ಇದನ್ನು ಬರೆಯುವಾಗ ಪಕ್ಕದಲ್ಲಿ ಗಂಡ ಹಾಯಾಗಿ ಗೊರಕೆ ಹೊಡೆಯುತ್ತಿದ್ದಾನೆ. ನನ್ನ ಎಡತೋಳಿನ ಹತ್ತಿಯನ್ನು ಇನ್ನೂ ಕಿತ್ತಿಲ್ಲ. ನಾಳೆ ರಕ್ತ ತೆಗೆಯುವ ಕುರ್ಚಿಯಲ್ಲಿ ಯಾರನ್ನು ಕೂರಿಸಲಿ? ತೋಳು ಮೇಲೇರಿಸಿ ನಾನೇ ಕೂತುಬಿಟ್ಟರೆ, ಅಕ್ಕ ಮೊದಲು ನೋಡುವುದು ನನ್ನ ನರವನ್ನೋ, ಮುಖವನ್ನೋ?