ನಾಲ್ಕು ಡಿಗ್ರಿ ನೀರಿನಲ್ಲಿ

ವೆಸ್ಟೆರೋಲೆನ್
ಏಪ್ರಿಲ್ 2

ಪ್ರಿಯ ಹಾಲ್ವರ್,

ಬರೆಯುವುದು ನಾಲ್ಕು ವಾರ ತಡವಾಯಿತು, ಕ್ಷಮಿಸು. ನಿನ್ನೆಯವರೆಗೆ ಜೈಲಿನಲ್ಲಿರುವ ನಿನಗೆ ಪತ್ರ ಬರೆಯಲು ಅನುಮತಿ ಇರಲಿಲ್ಲ. ಇದನ್ನೂ ಪೊಲೀಸರು ಮೊದಲು ಓದುತ್ತಾರೆ. ಓದಲಿ. ನಿದ್ದೆ ಬರುತ್ತಿದೆಯೇ? ಉಣ್ಣೆಯ ಕಾಲುಚೀಲ ಕಳಿಸಿದ್ದೆ, ಸಿಕ್ಕಿರಬೇಕು.

ಸ್ತೈನಾರ್‌ನ ಅಂತ್ಯಕ್ರಿಯೆ ಶುಕ್ರವಾರ ಆಯಿತು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಅವನ ಅಕ್ಕ ಬಂದು ಕೈ ಹಿಡಿದಳು. ಇಪ್ಪತ್ತು ವರ್ಷ ಒಂದೇ ದೋಣಿಯಲ್ಲಿ ದುಡಿದವನನ್ನು ನೀನು ಕೊಂದೆ ಎಂದು ಅವಳೂ ನಂಬಿಲ್ಲ. ಅಂಗಡಿಯ ಬೆರಿತ್ ಮಾತ್ರ, ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ಏನೇನು ಸಿಕ್ಕಿತಂತೆ ಎಂದು ಎಲ್ಲರೆದುರು ಕೇಳಿದಳು. "ನಿನ್ನ ಕೇಕ್ ಯಾಕೆ ಉಬ್ಬಲ್ಲ ಅಂತ ಹುಡುಕಿದ್ದೆ ಕಣೇ, ಅದೂ ಪೊಲೀಸರ ಹತ್ರ ಇದೆ" ಅಂದೆ.

ಈಗ ವಿಷಯ. ಸೋಮವಾರ ತನಿಖಾಧಿಕಾರಿ ಮಾರಿತ್ ನಮ್ಮ ಕಂಪ್ಯೂಟರಿನ ಹುಡುಕಾಟಗಳ ಆ ಹಾಳೆಯನ್ನು ನನಗೆ ತೋರಿಸಿದರು. "ನಾಲ್ಕು ಡಿಗ್ರಿ ನೀರಿನಲ್ಲಿ ಮನುಷ್ಯ ಎಷ್ಟು ಹೊತ್ತು ಬದುಕುತ್ತಾನೆ" ಎಂದು ಜನವರಿಯಿಂದ ಹದಿನೇಳು ಸಲ ಹುಡುಕಲಾಗಿದೆ. ಕೊನೆಯ ಸಲ ಸ್ತೈನಾರ್ ಬಿದ್ದ ದಿನವೇ. ಬಲೆಯ ಹಗ್ಗ ಅವನ ಕಾಲಿಗೆ ಸುತ್ತಿ ಎಳೆದುಕೊಂಡ ಮೇಲೆ ನೀನು ನಲವತ್ತು ನಿಮಿಷ ಕೆಳಗಿನ ಕೋಣೆಯ ರೇಡಿಯೋದಲ್ಲಿ ಯಾರನ್ನೂ ಕರೆಯಲಿಲ್ಲ. ಚುಕ್ಕಾಣಿ ಬಿಟ್ಟರೆ ಅವನು ಕಣ್ತಪ್ಪುತ್ತಾನೆಂದು ಸುತ್ತುತ್ತಲೇ ಇದ್ದೆ ಎಂದು ನೀನು ಹೇಳಿದರೆ ಪೊಲೀಸರು ಒಪ್ಪುವುದಿಲ್ಲ. ಸಾಯಲು ಬೇಕಾದಷ್ಟು ಹೊತ್ತು ಕಾದೆ ಎನ್ನುತ್ತಾರೆ. ಕಂಪ್ಯೂಟರಿನಲ್ಲೂ ಫೋನಿನಲ್ಲೂ ನಮ್ಮಿಬ್ಬರಿಗೂ ಇರುವುದು ಒಂದೇ ಖಾತೆ. ಹುಡುಕಿದವನು ತಾನೇ ಎಂದು ನೀನು ಒಪ್ಪಿಕೊಂಡಿದ್ದೀಯಂತೆ.

ಹುಡುಕಿದವಳು ನಾನು, ಹಾಲ್ವರ್.

ಗಂಡಸರು ಸಮುದ್ರಕ್ಕೆ ಹೊರಟ ದಿನ ಮುಳುಗುವ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಅಮ್ಮ ಆಡಲಿಲ್ಲ, ನಾನೂ ಆಡಲಿಲ್ಲ. ಅದಕ್ಕೆ ಕಂಪ್ಯೂಟರನ್ನು ಕೇಳುತ್ತಿದ್ದೆ. ಉತ್ತರ ಪ್ರತಿ ಸಲವೂ ಒಂದೇ. ಓದಿ, ಕಿಟಕಿಯಿಂದ ಒಮ್ಮೆ ನೀರು ನೋಡಿ, ಆಲೂಗಡ್ಡೆ ಸುಲಿಯಲು ಕೂರುತ್ತಿದ್ದೆ.

ನಿನ್ನ ದೋಣಿಯ ದಿನಚರಿ ಮಾರಿತ್ ಹತ್ತಿರವೇ ಇತ್ತು. ಹಾಳೆಯ ಪಕ್ಕದಲ್ಲಿಟ್ಟು ನೋಡಿ ಎಂದೆ. ಹದಿನೇಳು ಸಲವೂ ಹುಡುಕಿದ್ದು ನೀನು ಬಂದರು ಬಿಟ್ಟು ಒಂದು ಗಂಟೆಯಾದ ಮೇಲೆ. ಅಷ್ಟು ಹೊತ್ತಿಗೆ ನೀನು ದೀಪಸ್ತಂಭ ದಾಟಿರುತ್ತೀ, ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನೀನೇ ಒಪ್ಪಿಕೊಂಡ ಮೇಲೆ ಗಂಟೆ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅವರು ಸಾಲು ಸಾಲಿಗೂ ಬೆರಳಿಟ್ಟು ಎರಡು ಸಲ ನೋಡಿದರು. "ಇದನ್ನ ಕೋರ್ಟಲ್ಲಿ ಹೇಳ್ತೀರಾ?" ಎಂದರು. ಮಂಗಳವಾರ ಹೇಳುತ್ತೇನೆ.

ನಮ್ಮ ಮದುವೆಯಾದ ಮೂವತ್ತೊಂದು ವರ್ಷವೂ ಸಮುದ್ರ ನಿನ್ನನ್ನು ವಾಪಸು ಕಳಿಸಿದೆ, ನ್ಯಾಯಾಲಯವೂ ಕಳಿಸಲಿ. ಊಟ ಬಿಡಬೇಡ.

ನಿನ್ನ
ರಗ್ನಾ

ತಾ. ಕ.: ನಿನಗೆ ಹಾಳೆ ತೋರಿಸಿದಾಗ ನೀನು "ಹದಿನೇಳು ಸಲಾನಾ?" ಎಂದಷ್ಟೇ ಕೇಳಿದೆಯಂತೆ. ಆಮೇಲೆ, ಹುಡುಕಿದ್ದು ನಾನೇ ಎಂದೆಯಂತೆ. ನನ್ನನ್ನು ಉಳಿಸಲು ಸುಳ್ಳು ಹೇಳಿದೆ ಎಂದು ಮೊದಲು ಸಂತೋಷವಾಯಿತು. ಮನೆಗೆ ಬರುವ ಬಸ್ಸಿನಲ್ಲಿ, ಯಾವುದರಿಂದ ಉಳಿಸಲು ಎಂಬುದು ಹೊಳೆಯಿತು. ನೀನಿಲ್ಲದ ದಿನ ಈ ಮನೆ ಹಗುರ ಎಂದು ನವೆಂಬರಿನಲ್ಲಿ ನಾನು ಅಂದಿದ್ದು ನಿಜ. ಅದನ್ನು ನೀನು ಪ್ರತಿ ಸಲ ದೋಣಿಗೆ ಹೊತ್ತುಕೊಂಡು ಹೋಗುತ್ತಿದ್ದೆ ಎಂದು ನನಗೆ ತಿಳಿದಿರಲಿಲ್ಲ. ಆ ಹಾಳೆ ನೋಡಿ, ನೀನು ಬಾರದಿರಲಿ ಎಂದು ನಾನು ಕಾಯುತ್ತಿದ್ದೇನೆ ಅನ್ನಿಸಿತೇ? ಹೌದಾದರೆ ಹೌದು ಎಂದು ಬರೆ. ಪೊಲೀಸರು ಓದಿದರೂ ಪರವಾಗಿಲ್ಲ.