ನದಿಯ ದಡಕ್ಕೆ ಕಟ್ಟಿದ್ದ ಕಾರು

ಲೂಪ್ ನದಿ ದಡ, ನೆಬ್ರಾಸ್ಕಾ
೧೯೫೬ ಮಾರ್ಚ್ ೧೯, ಸೋಮವಾರ

ಪ್ರೀತಿಯ ಲ್ಯಾಡಿ ಕಂದಾ,

ನಿನ್ನ ಹಲ್ಲುನೋವು ಹೇಗಿದೆ? ಲವಂಗ ಅಗಿದುಕೊಂಡು ಎಷ್ಟು ದಿನ ತಳ್ಳುತ್ತೀಯ, ಕೀಳಿಸಿ ಬಿಸಾಡು. ಕ್ಯಾಲಿಫೋರ್ನಿಯಾದಲ್ಲಿ ನಮ್ಮಂಥ ರೊಟ್ಟಿ ಸಿಗುವುದಿಲ್ಲ ಎಂದು ಬರೆದಿದ್ದೆಯಲ್ಲ, ಆ ಒಂದು ಸಾಲಿಗೆ ನಿನ್ನಮ್ಮ ಒಂದು ದಿನವೆಲ್ಲ ಅತ್ತಳು. ನಿನ್ನಜ್ಜಿ ನಾನು ಗಟ್ಟಿಯಾಗಿದ್ದೇನೆ. ಮಂಡಿಯೊಂದು ಬಿಟ್ಟರೆ ಉಳಿದದ್ದೆಲ್ಲ ಹೇಳಿದ ಮಾತು ಕೇಳುತ್ತದೆ. ಆದರೆ ಒಂದು ಕಡೆ ಕೂತು ಬರೆಯಲು ಆಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಕಿಟಕಿಗೆ ಹೋಗುವುದು. ಈ ಮನೆಯಲ್ಲಿ ಈಗ ಯಾರೂ ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೆಲ್ಲ ನಿನ್ನಪ್ಪನೇ ಕಾರಣ.

ಹೋದ ವಾರ ನದಿಯ ಮಂಜುಗಡ್ಡೆ ಒಡೆಯಿತು. ನೀರು ಕೆಂಪಗೆ ಉಕ್ಕಿ ಕುದುರೆಮೇವಿನ ಹೊಲದತ್ತ ನುಗ್ಗುತ್ತಿತ್ತು. ದಡ ಕೊಚ್ಚಿಹೋಗದಿರಲೆಂದು ಊರಿನವರೆಲ್ಲ ಎಂದಿನಂತೆ ಕೆಟ್ಟ ಕಾರುಗಳನ್ನು ಎಳೆದು ತಂದು ದಡಕ್ಕೆ ಉಕ್ಕಿನ ಹಗ್ಗದಲ್ಲಿ ಬಿಗಿಯುತ್ತಿದ್ದರು. ಈ ಮಹಾರಾಯ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿ ಹಗ್ಗ ಕತ್ತರಿಸಿ, ಒಂದು ಕಾರನ್ನು ಹೊರಗೆ ಎಳೆಯತೊಡಗಿದ! ಯಾವುದೆಂದು ನಾನು ಹೇಳಬೇಕೆ? ನೆರೆಯ ವೆನ್ಸಿಲನ ತೋಪಿನಲ್ಲಿ ಒಳಗೇ ಮರ ಹುಟ್ಟಿ, ಕೋಳಿಗಳು ಮೊಟ್ಟೆಯಿಡುತ್ತಿದ್ದ, ಎರಡು ಬೇಸಿಗೆ ಅವನ ಹುಲ್ಲು ಒಟ್ಟಿ ನೀನು ಸಂಪಾದಿಸಿದ ಆ ೧೯೩೨ರ ಫೋರ್ಡ್. ನೀನು ಪೇಟೆಗೆ ಹೋಗಿದ್ದ ದಿನ ನಿನ್ನಪ್ಪನೇ ಕಲ್ಲು ತುಂಬಿ ನದಿಗೆ ಕೊಟ್ಟದ್ದು. ಎಂಜಿನ್ ಇಲ್ಲದ ಕಾರೆಂದರೆ ಈ ಕಣಿವೆಯವರಿಗೆ ಬರೀ ಬಂಡೆ. ಮಗನ ಆಸೆ ಅದರೊಳಗೆ ಕೂತಿದೆಯೆಂದು ಆ ಮೊದ್ದನಿಗೆ ಕಾಣಲಿಲ್ಲ. ಕಂಡಿದ್ದರೂ ನಿನಗೆ ಕಾರ್ ರೇಸಿನ ಹುಚ್ಚು ಬಿಡಲಿ ಎಂದುಕೊಂಡನೋ ಏನೋ. ಅದಕ್ಕೇ ನೀನು ಕ್ಯಾಲಿಫೋರ್ನಿಯಾದ ಬಸ್ ಹತ್ತಿದೆ.

ದಡದ ಮೇಲೆ ನಿಂತ ವೆನ್ಸಿಲ್ ನಕ್ಕಿದ್ದೇ ನಕ್ಕಿದ್ದು. "ಏನೋ ಎಮಿಲ್, ಊರೋರೆಲ್ಲ ನದಿಗೆ ಹಾಕ್ತಾ ಇದ್ರೆ ನೀನು ಕಿತ್ಕೊಂಡು ಹೋಗ್ತಿದೀಯಲ್ಲೋ! ಹೊಲ ಕೊಚ್ಕೊಂಡು ಹೋದ್ರೆ ಹಸುಗೆ ಏನ್ ಹಾಕ್ತೀಯಾ, ಮರಳಾ?" ನಿನ್ನಪ್ಪ ಸೊಂಟದವರೆಗೆ ಕೆಸರಿನಲ್ಲಿದ್ದ. "ಬಾಯಿಗೊಂದು ಬೀಗ ಹಾಕಿ, ಆ ಕಡೆ ಹಗ್ಗ ಹಿಡಿ" ಎಂದನಂತೆ. ಖಾಲಿಯಾದ ಜಾಗಕ್ಕೆ ಏನು ಹಾಕಿದ ಗೊತ್ತೆ? ತನ್ನ ಸ್ವಂತ ಪಿಕಪ್ಪನ್ನು! ಚೆನ್ನಾಗಿ ಓಡುತ್ತಿದ್ದ ಗಾಡಿ. ನಿನ್ನ ಫೋರ್ಡಿಗೆ ಹಾಕಲೆಂದು ಅದರ ಎಂಜಿನ್ ಹಿಂದಿನ ದಿನವೇ ಇಳಿಸಿಟ್ಟಿದ್ದ. ನಿನ್ನೆ ಚರ್ಚಿನ ಪೂಜೆಗೆ ನಾವು ಮೂವರೂ ವೆನ್ಸಿಲನ ಲಾರಿಯ ಹಿಂದೆ ಕೂತು ಹೋದೆವು. ನನ್ನ ಟೋಪಿ ಹಾರಿಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಿನ್ನಪ್ಪನಿಗೆ ಹೇಳಿದೆ.

ಈಗ ಕಾರು ಕೊಟ್ಟಿಗೆಯಲ್ಲಿದೆ. ನೆಲದ ತಗಡು ತುಕ್ಕು ತಿಂದು ಹೋಗಿದೆ, ಬಾಗಿಲಿನೊಳಗಿಂದ ಮರಳು ಇನ್ನೂ ಸುರಿಯುತ್ತಲೇ ಇದೆ. ಮೇಲಿನ ಮೈ ಮಾತ್ರ ಗಟ್ಟಿಯಾಗಿದೆಯಂತೆ. ಹಳೇ ಕಾರನ್ನು ರೇಸಿಗೆ ಮಾರ್ಪಡಿಸುವುದನ್ನು ಕಲಿಸುವ, ನಿನ್ನ ಹಾಸಿಗೆಯಡಿಯ ಹಾಟ್ ರಾಡ್ ಪತ್ರಿಕೆಗಳನ್ನೆಲ್ಲ ನಿನ್ನಪ್ಪ ತೆಗೆದು, ಬೆರಳಿಟ್ಟು ಓದುತ್ತಾನೆ. ಮಡ್‌ಗಾರ್ಡ್ ನಾಲ್ಕನ್ನೂ ಬಿಚ್ಚಿ ಗೋಡೆಗೆ ಒರಗಿಸಿದ್ದಾನೆ. "ಚಳಿಗಾಲದಲ್ಲಿ ಚಡ್ಡಿ ಬಿಚ್ಚಿ ನಿಲ್ಸಿದಂಗಿದೆ, ಇದ್ಯಾವ ಚಂದಾನೋ?" ಎಂದೆ. "ಅವ್ನಿಗೆ ಹಿಂಗೇ ಇಷ್ಟ ಅಮ್ಮಾ" ಎಂದ. ಲ್ಯಾಡಿ, ನೀನು ಹೋದ ಮೇಲೆ ಅವನು ನಿನ್ನ ಬಗ್ಗೆ ಆಡಿದ ಮೊದಲ ಮಾತದು.

ನಿನ್ನ ಪತ್ರಗಳಲ್ಲಿ ಎಲ್ಲರನ್ನೂ ವಿಚಾರಿಸುತ್ತೀಯ, ನಾಯಿಯನ್ನೂ ಬಿಡುವುದಿಲ್ಲ. ಅಪ್ಪನನ್ನು ಮಾತ್ರ ಕೇಳುವುದಿಲ್ಲ. ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ನೀನು ಈ ಮನೆಗೆ ಮತ್ತೆ ಬರುತ್ತೀಯೋ ಇಲ್ಲವೋ ಎಂದು ತಿಳಿಯದೆ ನಮಗಿಲ್ಲಿ ಕಾಲು ನಿಲ್ಲುತ್ತಿಲ್ಲ. ಈಸ್ಟರ್ ಹತ್ತಿರ ಬಂತು. ಗಸಗಸೆ ತುಂಬಿದ ಕೊಲಾಚಿ ಬನ್ನಿಗೆ ಹಿಟ್ಟು ನಾದಲು ನನ್ನ ಕೈಯಲ್ಲಿ ಇನ್ನೂ ಬಲವಿದೆ.

ನಿನ್ನಮ್ಮ ಮುತ್ತು ಕೊಟ್ಟಿದ್ದಾಳೆ. ನಿನ್ನ ಹಣೆಯ ಮೇಲೆ ನನ್ನ ಹೆಬ್ಬೆರಳಿನಿಂದ ಶಿಲುಬೆ ಬರೆದೆನೆಂದು ತಿಳಿದುಕೋ. ದೇವರು ಕಾಯಲಿ.

ನಿನ್ನ ಅಜ್ಜಿ,
ಬೊಝೆನಾ

ಮುಖ್ಯವಾದದ್ದನ್ನೇ ಮರೆತಿದ್ದೆ, ಅಂಚೆಯವನು ಬರುವ ಹೊತ್ತೂ ಆಯಿತು. ರೇಸಿನ ಕಾರಿಗೆ ಕಿಟಕಿಯ ಕಂಬಗಳನ್ನು ಕುಯ್ದು ಚಾವಣಿ ತಗ್ಗಿಸುತ್ತಾರಲ್ಲ, ಅಲ್ಲಿಗೆ ಬಂದು ಕೆಲಸ ನಿಂತಿದೆ. ನನ್ನನ್ನು ಬರೆಯಲು ಕೂರಿಸಿದ್ದೇ ನಿನ್ನಪ್ಪ. "ಕುರ್ಚಿ ಮೇಲೆ ನೆಟ್ಟಗೆ ಕೂತ್ಕೊಂಡು, ಕೂತ ಜಾಗದಿಂದ ನೆತ್ತಿವರೆಗೂ ಅಳತೆ ತಗೊಂಡು ಕಳಿಸ್ಲಿ ಅಂತ ಬರಿ. ಅವನ ತಲೆ ತಾಗ್ಬಾರ್ದು" ಎಂದ. ಕಳಿಸಿಗಿಳಿಸೀಯ, ಜೋಕೆ! ಅಳತೆ ಸಿಕ್ಕಿತೆಂದರೆ ಕುಯ್ದು, ಬೆಸುಗೆ ಹಾಕಿ, ಮತ್ತೆ ಮೂಗನಂತೆ ಕೂತುಬಿಡುತ್ತಾನೆ. ನೀನೇ ಬಂದು ಆ ಸೀಟಿನಲ್ಲಿ ಕೂರು. ಅವನೇ ನಿನ್ನ ತಲೆ ಮುಟ್ಟಿ ಅಳೆಯಲಿ.